ಸೂರ್ಯನ ದಿನವರದಿ ಓದುವುದು ಹೇಗೆ? ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಮಳೆಯ ಮುನ್ಸೂಚನೆಯಂತೆ ಈಗ ಸೂರ್ಯನ ಮುನ್ಸೂಚನೆಯೂ ಮೊಬೈಲಿಗೆ ಬಂದು ಬೀಳುತ್ತಿದೆ. ಅದರ ಬಗ್ಗೆ ಬಂದ ಪತ್ರಗಳಲ್ಲಿ ಹತ್ತನ್ನು ಈ ಸಂಚಿಕೆಗೆ ಆರಿಸಿದ್ದೇವೆ. ಒಂದೇ ಮಾತನ್ನು ಹಲವರು ಕೇಳಿದ್ದರೆ ಒಂದೇ ಕಡೆ ಉತ್ತರಿಸಿದ್ದೇವೆ.

ಆ್ಯಪ್ ತೆರೆದರೆ ಎಸ್‌ಎಫ್‌ಐ 148, ಸೌರಕಲೆ ಸಂಖ್ಯೆ 112, ಎ 8, ಕೆಪಿ 2, ಬಿ-ಝಡ್ ಮೈನಸ್ 3 ಎಂದು ಸಾಲಾಗಿ ಬರುತ್ತದೆ. ದಿನಾ ನೋಡಬೇಕಾದದ್ದು ಯಾವುದು? ಯಾವ ಹೊತ್ತಿಗೆ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಇವೆಲ್ಲ ಒಂದೇ ಜಾತಿಯ ಅಂಕಿಗಳಲ್ಲ. ಮೊದಲೆರಡು ಸೂರ್ಯನ ಮೇಲಿನ ಸ್ಥಿತಿ ಹೇಳುತ್ತವೆ. ಬಿ-ಝಡ್ ದಾರಿಯಲ್ಲಿರುವ ಸೌರಮಾರುತದ್ದು, ಅಂದರೆ ಸೂರ್ಯನಿಂದ ಸದಾ ಬೀಸುವ ಕಣಗಳ ಹರಿವಿನ ಕಾಂತಕ್ಷೇತ್ರದ್ದು. ಎ ಮತ್ತು ಕೆಪಿ ಭೂಮಿಯ ಮೇಲೆ ಈಗಾಗಲೇ ಆಗಿಹೋದದ್ದರ ಲೆಕ್ಕ. ಈ ಮೂರನ್ನು ಬೆರೆಸಿಕೊಂಡರೆ ಗೊಂದಲ ಖಂಡಿತ.

ಎಸ್‌ಎಫ್‌ಐ ಎಂದರೆ 10.7 ಸೆಂಟಿಮೀಟರ್ ತರಂಗದೂರದಲ್ಲಿ, ಅಂದರೆ 2800 ಮೆಗಾಹರ್ಟ್ಸ್‌ನಲ್ಲಿ, ಸೂರ್ಯನ ರೇಡಿಯೋ ಹೊಳಪು. ಕೆನಡಾದವರು ಇದನ್ನು 1947ರಿಂದ ಅಳೆಯುತ್ತಿದ್ದಾರೆ. ಈಗ ಅಳೆಯುವ ಜಾಗ ಬ್ರಿಟಿಷ್ ಕೊಲಂಬಿಯಾದ ಪೆಂಟಿಕ್ಟನ್. ಅಲ್ಲಿಯ ನಡುಹಗಲಿನ ಅಳತೆಯೇ ಅಧಿಕೃತ. ಆಗ ನಮಗೆ ನಡುರಾತ್ರಿ ಒಂದೂವರೆ. ಸೂರ್ಯ ತಣ್ಣಗಿರುವ, ಅಂದರೆ ಚಟುವಟಿಕೆ ತಗ್ಗಿದ ವರ್ಷಗಳಲ್ಲಿ ಇದು 70ರ ಆಸುಪಾಸಿನಲ್ಲಿರುತ್ತದೆ, ಉಚ್ಛ್ರಾಯದಲ್ಲಿ 200 ದಾಟುತ್ತದೆ. ಸೌರಕಲೆ ಸಂಖ್ಯೆಯಲ್ಲಿ ಒಂದು ಎಚ್ಚರಿಕೆ: ಬ್ರಸೆಲ್ಸ್‌ನ ರಾಯಲ್ ವೀಕ್ಷಣಾಲಯ ಕೊಡುವ ಅಂತರರಾಷ್ಟ್ರೀಯ ಸಂಖ್ಯೆ ಬೇರೆ, ಅಮೆರಿಕದ ಬೋಲ್ಡರ್‌ನಲ್ಲಿರುವ ಬಾಹ್ಯಾಕಾಶ ಹವಾಮಾನ ಮುನ್ಸೂಚನಾ ಕೇಂದ್ರ ಕೊಡುವ ಸಂಖ್ಯೆ ಬೇರೆ. ಒಂದು ದಿನ ಇದನ್ನು, ಇನ್ನೊಂದು ದಿನ ಅದನ್ನು ಬರೆದುಕೊಂಡರೆ ನಿಮ್ಮ ಗ್ರಾಫು ಇಲ್ಲದ ಕುಣಿತ ಕುಣಿಯುತ್ತದೆ.

ಕೆಪಿ ಎಂಬುದು ಭೂಮಿಯ ಕಾಂತಕ್ಷೇತ್ರ ಎಷ್ಟು ಕಲಕಿದೆ ಎಂದು ಹೇಳಲು 13 ಭೂಕಾಂತ ವೀಕ್ಷಣಾಲಯಗಳ ಅಳತೆಯಿಂದ ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲಿ ಕಟ್ಟುವ ಅಂಕಿ. ಮೂರು ಮೂರು ಗಂಟೆಗೆ ಒಂದು, 0ಯಿಂದ 9ರವರೆಗೆ. ಇದರ ಮೆಟ್ಟಿಲುಗಳು ಸಮನಾಗಿಲ್ಲ. ಹಾಗಾಗಿ ಪ್ರತಿ ಕೆಪಿಗೂ ನೇರ ಅಳತೆಯ ಜೊತೆಗಾರ ಅಂಕಿಯೊಂದಿದೆ: ಕೆಪಿ 2ಕ್ಕೆ 7, 5ಕ್ಕೆ 48, 7ಕ್ಕೆ 132, 9ಕ್ಕೆ 400. ದಿನದ ಎಂಟು ಅಂಕಿಗಳ ಸರಾಸರಿಯೇ ಎ ಸೂಚ್ಯಂಕ. ಕೆಪಿಯ ಸರಾಸರಿ ತೆಗೆಯಬೇಡಿ. ಅದಕ್ಕೆಂದೇ ಎ ಇದೆ.

ಈಗ ಗಡಿಯಾರದ ಮಾತು. ಇವೆಲ್ಲ ವಿಶ್ವ ಸಮಯದಲ್ಲಿರುತ್ತವೆ, ಐದೂವರೆ ಗಂಟೆ ಕೂಡಿಸಿಕೊಳ್ಳಬೇಕು. ಕೆಪಿಯ ದಿನ ನಮ್ಮಲ್ಲಿ ಬೆಳಿಗ್ಗೆ 5.30ಕ್ಕೆ ಹುಟ್ಟುತ್ತದೆ, 8.30, 11.30, 2.30 ಹೀಗೆ ಹೊಸ ಅಂಕಿ ಬರುತ್ತದೆ. ಬೋಲ್ಡರ್ ಕೇಂದ್ರದ ಮೂರು ದಿನದ ಮುನ್ಸೂಚನೆ ವಿಶ್ವ ಸಮಯ 0030 ಮತ್ತು 1230ಕ್ಕೆ ಹೊರಡುತ್ತದೆ. ಅಂದರೆ ನಮಗೆ ಬೆಳಿಗ್ಗೆ ಆರು, ಸಂಜೆ ಆರು. ಹಾಲು ತರುವ ಹೊತ್ತಿಗೊಂದು, ದೀಪ ಹಚ್ಚುವ ಹೊತ್ತಿಗೊಂದು.

ಐದು ನಿಮಿಷವಷ್ಟೇ ಇದ್ದರೆ ಮೊದಲು ಕಳೆದ 24 ಗಂಟೆಯ ಎಕ್ಸ್-ಕಿರಣ ಗೆರೆ ನೋಡಿ. ಸೌರಜ್ವಾಲೆ ಜೋರಿನ ಎಂ ವರ್ಗವನ್ನೋ ಅದಕ್ಕೂ ಜೋರಿನ ಎಕ್ಸ್ ವರ್ಗವನ್ನೋ ಮುಟ್ಟಿದೆಯೇ ಎಂದು ಗೊತ್ತಾಗುತ್ತದೆ. ಆಮೇಲೆ ಸೌರಮಾರುತದ ವೇಗ ಮತ್ತು ಬಿ-ಝಡ್. ಕೊನೆಗೆ ಮುನ್ಸೂಚನೆಯ ಜೊತೆ ಬರುವ ಗದ್ಯ ಟಿಪ್ಪಣಿ. ಎಲ್ಲರೂ ಅಂಕಿ ನೋಡಿ ಇದನ್ನು ಬಿಟ್ಟುಬಿಡುತ್ತಾರೆ. ನಮ್ಮ ಮಟ್ಟಿಗೆ ಇಡೀ ವರದಿಯ ತಿರುಳು ಅದೇ: ಯಾವ ಕಲೆಗುಂಪು ಬೆಳೆಯುತ್ತಿದೆ, ಯಾವುದು ಕರಗುತ್ತಿದೆ, ಮುನ್ಸೂಚಕರಿಗೆ ಎಲ್ಲಿ ಅನುಮಾನವಿದೆ ಎಂಬುದು ಅಲ್ಲಿರುತ್ತದೆ.

ಟಿ.ವಿ.ಯಲ್ಲಿ ‘ಇಂದು ರಾತ್ರಿ ಭೂಮಿಗೆ ಸೌರ ಬಿರುಗಾಳಿ’ ಎಂದು ಗಂಟೆಗಟ್ಟಲೆ ತೋರಿಸಿದರು. ಏನೂ ಆಗಲಿಲ್ಲ. ಲೆಕ್ಕ ಇಷ್ಟು ತಪ್ಪುವುದೇಕೆ?
– ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

‘ಸೌರ ಬಿರುಗಾಳಿ’ ಎಂಬ ಒಂದೇ ಮಾತಿನಲ್ಲಿ ಮೂರು ಸಂಗತಿಗಳನ್ನು ತುರುಕುವುದರಿಂದ ಅರ್ಧ ತಪ್ಪು ಅಲ್ಲೇ ಆಗುತ್ತದೆ.

ಮೊದಲನೆಯದು ಸೌರಜ್ವಾಲೆ. ಇದು ಬೆಳಕು ಮತ್ತು ಎಕ್ಸ್-ಕಿರಣ. ಸೂರ್ಯನಿಂದ ಇಲ್ಲಿಗೆ ಎಂಟು ನಿಮಿಷ ಚಿಲ್ಲರೆ. ಕಂಡಿತು ಎಂದರೆ ಬಂದಾಯಿತು. ಹಾಗಾಗಿ ಜ್ವಾಲೆಯ ಮುನ್ಸೂಚನೆ ಯಾವಾಗಲೂ ಸಂಭವನೀಯತೆಯ ಭಾಷೆಯಲ್ಲೇ ಇರುತ್ತದೆ: ‘ಎಂ ವರ್ಗಕ್ಕೆ ಶೇ 55, ಎಕ್ಸ್ ವರ್ಗಕ್ಕೆ ಶೇ 10’ ಎಂಬಂತೆ. ಕಲೆಗುಂಪಿನ ಕಾಂತರಚನೆ ಎಷ್ಟು ಸಿಕ್ಕಾಗಿದೆ ಎಂಬುದೇ ಇದಕ್ಕೆ ಆಧಾರ. ಒಂದೇ ಹೊರಕವಚದೊಳಗೆ ಉತ್ತರ, ದಕ್ಷಿಣ ಎರಡೂ ಧ್ರುವತೆಯ ಕಪ್ಪು ಗರ್ಭಗಳು ಒತ್ತಿಕೊಂಡಿದ್ದರೆ ಅದಕ್ಕೆ ಡೆಲ್ಟಾ ಎನ್ನುತ್ತಾರೆ. ದೊಡ್ಡ ಜ್ವಾಲೆಗಳು ಹೆಚ್ಚಾಗಿ ಅಂಥ ಗುಂಪಿನವೇ. ಶೇ 10 ಎಂದಾಗ ಹತ್ತರಲ್ಲಿ ಒಂಬತ್ತು ದಿನ ಏನೂ ಆಗಬಾರದು. ಆಗದಿದ್ದರೆ ಲೆಕ್ಕ ತಪ್ಪಿತು ಎನ್ನಲಾಗದು.

ಎರಡನೆಯದು ಸಿಎಂಇ, ಸೂರ್ಯನ ಹೊರ ವಾತಾವರಣವಾದ ಕರೋನಾದಿಂದ ಕಿತ್ತುಕೊಂಡು ಬರುವ ಪ್ಲಾಸ್ಮಾ (ವಿದ್ಯುದಾವೇಶದ ಅನಿಲ) ಮೋಡ. ಸೆಕೆಂಡಿಗೆ 1000 ಕಿಲೋಮೀಟರ್ ವೇಗ ಎಂದುಕೊಂಡರೆ 15 ಕೋಟಿ ಕಿಲೋಮೀಟರಿಗೆ ಸುಮಾರು 42 ಗಂಟೆ. ಆದರೆ ವೇಗದ ಮೋಡವನ್ನು ಮುಂದಿರುವ ಸೌರಮಾರುತ ತಡೆದು ನಿಧಾನಿಸುತ್ತದೆ. ಅದಕ್ಕಿಂತ ದೊಡ್ಡ ತೊಡಕು ನೋಟದ್ದು: ನಮ್ಮತ್ತಲೇ ಬರುತ್ತಿರುವ ಮೋಡ ಕರೋನಾಗ್ರಾಫಿನಲ್ಲಿ (ಸೂರ್ಯನ ಬಿಂಬ ಮುಚ್ಚಿ ಕರೋನಾ ತೋರಿಸುವ ದೂರದರ್ಶಕ) ಸೂರ್ಯನ ಸುತ್ತ ಉಂಗುರದಂತೆ ಹಿಗ್ಗುವುದಷ್ಟೇ ಕಾಣುತ್ತದೆ. ನಮ್ಮ ಮುಖಕ್ಕೆ ನೇರ ಬರುವ ಚೆಂಡಿನ ವೇಗ ಅಳೆದಂತೆ ಅದು. ಆದ್ದರಿಂದ ಬಂದು ತಲಪುವ ಹೊತ್ತಿನಲ್ಲಿ ಸರಾಸರಿ ಹತ್ತು ಗಂಟೆ ಹಿಂದೆಮುಂದೆ ಆಗುವುದು ಮಾಮೂಲು. ‘ಇಂದು ರಾತ್ರಿ’ ಎಂದದ್ದು ನಾಳೆ ಮಧ್ಯಾಹ್ನವಾಗಬಹುದು, ಪಕ್ಕದಿಂದ ಹಾದೂ ಹೋಗಬಹುದು. 2012ರ ಜುಲೈ 23ರಂದು ಹೊರಟ ಭಾರೀ ಮೋಡ ಭೂಮಿ ಇರದ ಕಡೆಗೆ ಹೋಯಿತು, ಬಚಾವಾದೆವು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಮೋಡದೊಳಗಿನ ಕಾಂತಕ್ಷೇತ್ರದ ದಿಕ್ಕು. ಅದೇ ಬಿ-ಝಡ್. ಅದು ದಕ್ಷಿಣಕ್ಕೆ ತಿರುಗಿದ್ದರೆ, ಅಂದರೆ ಮೈನಸ್ ಆಗಿದ್ದರೆ, ಭೂಮಿಯ ಕಾಂತಕ್ಷೇತ್ರದೊಡನೆ ಕೂಡಿಕೊಂಡು ಬಾಗಿಲು ತೆರೆಯುತ್ತದೆ. ಉತ್ತರಕ್ಕಿದ್ದರೆ ಎಷ್ಟೇ ಜೋರಿನ ಮೋಡವಾದರೂ ಬಾಗಿಲು ಬಡಿದು ಹೋಗುತ್ತದೆ. ಈ ದಿಕ್ಕು ತಿಳಿಯುವುದು ಭೂಮಿಯಿಂದ ಸೂರ್ಯನತ್ತ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಎಂಬ ಬಿಂದುವಿನಲ್ಲಿರುವ ನೌಕೆಗಳನ್ನು ಮೋಡ ದಾಟಿದ ಮೇಲೆಯೇ. ಅಲ್ಲಿಂದ ಇಲ್ಲಿಗೆ ಸೆಕೆಂಡಿಗೆ 400 ಕಿ.ಮೀ. ವೇಗದಲ್ಲಿ ಒಂದು ಗಂಟೆ, 800ರಲ್ಲಿ ಅರ್ಧ ಗಂಟೆ. ಟಿ.ವಿ.ಯವರು ಹೇಳುವಾಗ ಈ ಅಂಕಿ ಯಾರ ಕೈಯಲ್ಲೂ ಇರಲಿಲ್ಲ.

ಆದ್ದರಿಂದ ಬೋಲ್ಡರ್ ಕೇಂದ್ರ ಮೂರು ಬೇರೆ ಮಾತು ಬಳಸುತ್ತದೆ. ‘ವಾಚ್’ ಎಂದರೆ ಒಂದೆರಡು ದಿನದಲ್ಲಿ ಆಗಬಹುದು. ‘ವಾರ್ನಿಂಗ್’ ಎಂದರೆ ಎಲ್1 ದಾಟಿದೆ, ಇನ್ನೇನು ಬಂತು. ‘ಅಲರ್ಟ್’ ಎಂದರೆ ಆಗುತ್ತಿದೆ. ನಮ್ಮ ಸುದ್ದಿಗಳಲ್ಲಿ ಮೂರಕ್ಕೂ ‘ಎಚ್ಚರಿಕೆ’ ಒಂದೇ ಪದ.

ತಪ್ಪು ಇನ್ನೊಂದು ಬದಿಗೂ ಆಗುತ್ತದೆ. 2024ರ ಮೇ ತಿಂಗಳಲ್ಲಿ 13664 ಸಂಖ್ಯೆಯ ಕಲೆಗುಂಪು ಒಂದರ ಹಿಂದೊಂದು ಮೋಡಗಳನ್ನು ಉಗುಳಿದಾಗ ಕೇಂದ್ರ ಜಿ4 ವಾಚ್ ಹೊರಡಿಸಿತು (ಕಾಂತ ಬಿರುಗಾಳಿಯನ್ನು ಜಿ1ರಿಂದ ಜಿ5ರವರೆಗೆ ಅಳೆಯುತ್ತಾರೆ). 2005ರ ನಂತರ ಅದೇ ಮೊದಲು. ಮೇ 10ರಂದು ಬಂದದ್ದು ಅದಕ್ಕೂ ಮೇಲಿನ ಜಿ5, 2003ರ ಅಕ್ಟೋಬರ್ ನಂತರದ ಮೊದಲನೆಯದು. ಹಿಂದಿನ ಮೋಡಗಳು ದಾರಿ ಗುಡಿಸಿ ಕೊಟ್ಟದ್ದರಿಂದ, ಮುಂದಿನವು ಹಿಂದಿನವುಗಳಿಗೆ ತಾಕಿ ಒತ್ತಿದ್ದರಿಂದ ಹಾಗಾಯಿತು. ಸಣ್ಣದು ಎಂದು ಹಗುರ ಮಾಡುವಂತೆಯೂ ಇಲ್ಲ. 2022ರ ಫೆಬ್ರುವರಿ 3ರಂದು ಹಾರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ಬಿದ್ದುಹೋದದ್ದು ಸಾಧಾರಣ ಬಿರುಗಾಳಿಗೆ. ಅವು ಇನ್ನೂ ಸುಮಾರು 210 ಕಿ.ಮೀ. ಎತ್ತರದಲ್ಲಿದ್ದವು. ಮೇಲಿನ ವಾತಾವರಣ ಬಿಸಿಯಾಗಿ ಉಬ್ಬಿ, ಎಳೆತ ಹೆಚ್ಚಾಗಿ, ಮೇಲೇರಲಾಗಲಿಲ್ಲ.

ಹಾಗಾದರೆ ನಮ್ಮ ಆದಿತ್ಯ-ಎಲ್1 ಬಂದ ಮೇಲೂ ಒಂದು ಗಂಟೆಯ ಮುನ್ನೋಟವೇ? ಕರ್ನಾಟಕದಲ್ಲಿ ಈ ಕೆಲಸ ಎಲ್ಲಿ ನಡೆಯುತ್ತದೆ?
– ಪಿಯುಸಿ ವಿದ್ಯಾರ್ಥಿನಿ, ಹಾಸನ

ಹೌದು. ಆದಿತ್ಯ ಇರುವುದೂ ಅದೇ ಎಲ್1ರ ಸುತ್ತ. 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ರಂದು ಅಲ್ಲಿ ಸೇರಿತು. ಎಲ್1 ಸೂರ್ಯನ ದಾರಿಯಲ್ಲಿ ನೂರರಲ್ಲಿ ಒಂದು ಪಾಲು ಮಾತ್ರ. ಅಲ್ಲಿ ಕುಳಿತು ಮೈಗೆ ತಾಕಿದ್ದನ್ನು ಅಳೆಯುವ ಯಾರಿಗೂ ಇದಕ್ಕಿಂತ ಹೆಚ್ಚು ಹೊತ್ತು ಸಿಗದು. ಆದಿತ್ಯದ ಲಾಭ ಬೇರೆ: ಏಳು ಉಪಕರಣಗಳಲ್ಲಿ ಕೆಲವು ಸೂರ್ಯನನ್ನು ನೋಡುತ್ತವೆ, ಕೆಲವು ಬಂದ ಕಣ ಮತ್ತು ಕಾಂತಕ್ಷೇತ್ರ ಅಳೆಯುತ್ತವೆ. ಹೊರಟದ್ದೂ ತಲಪಿದ್ದೂ ಒಂದೇ ಪುಸ್ತಕದಲ್ಲಿ ದಾಖಲಾಗುತ್ತದೆ. ಕರೋನಾ ನೋಡುವ ವಿಇಎಲ್‌ಸಿ ಉಪಕರಣವನ್ನು ಭಾರತೀಯ ಖಭೌತ ಸಂಸ್ಥೆ ಹೊಸಕೋಟೆಯ ತನ್ನ ಕೇಂದ್ರದಲ್ಲಿ ಜೋಡಿಸಿತು. ಎಕ್ಸ್-ಕಿರಣದ ಎರಡು ಉಪಕರಣಗಳು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದವು.

ನೆಲದ ಮೇಲೆ ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯವಿದೆ. ಸಿಎಂಇಯ ಮುಂದೆ ಆಘಾತ ತರಂಗ ಓಡಿದರೆ ಕಡಿಮೆ ಆವರ್ತನದಲ್ಲಿ ‘ಟೈಪ್ 2’ ಎಂಬ ರೇಡಿಯೋ ಸದ್ದು ಹುಟ್ಟುತ್ತದೆ. ಆಘಾತ ಮೇಲೇರಿದಂತೆ ಸುತ್ತಲ ಪ್ಲಾಸ್ಮಾ ತೆಳುವಾಗಿ ಸದ್ದಿನ ಆವರ್ತನವೂ ಇಳಿಯುತ್ತದೆ. ಎಷ್ಟು ಬೇಗ ಇಳಿಯಿತು ಎಂಬುದರಿಂದ ಆಘಾತದ ವೇಗ ಲೆಕ್ಕ ಹಾಕಬಹುದು. ಹೊರಗಿನವರ ಮುನ್ಸೂಚನೆಯಲ್ಲೂ ನಮ್ಮ ಪಾಲಿದೆ: ಸೂರ್ಯನ ಕಾಂತನಕ್ಷೆ ತೆಗೆಯುವ ಗಾಂಗ್ ಜಾಲದ ಆರು ಕೇಂದ್ರಗಳಲ್ಲಿ ಒಂದು ಉದಯಪುರದಲ್ಲಿದೆ. ಬೋಲ್ಡರ್‌ನ ಸೌರಮಾರುತ ಮಾದರಿಗೆ ಉಣ್ಣಿಸುವ ಕಾಂತನಕ್ಷೆಗಳು ಈ ಜಾಲದವು.

‘ರಾತ್ರಿ 12.30ರಿಂದ 3.30ರವರೆಗೆ ಕಾಸ್ಮಿಕ್ ಕಿರಣ ಹಾದುಹೋಗಲಿದೆ, ಮೊಬೈಲ್ ಆಫ್ ಮಾಡಿ ದೂರ ಇಡಿ’ ಎಂಬ ಸಂದೇಶ ನಿಜವೇ? ಟಿ.ವಿ., ಫ್ರಿಜ್ ಪ್ಲಗ್ ಕೀಳಬೇಕೇ?
– ಗೃಹಿಣಿ, ತುಮಕೂರು

ಸುಳ್ಳು. ವರ್ಷಗಳಿಂದ ತಾರೀಖು ಬದಲಿಸಿಕೊಂಡು ತಿರುಗುತ್ತಿದೆ. ಕಾಸ್ಮಿಕ್ ಕಿರಣಕ್ಕೆ ಬಸ್ಸಿನಂತೆ ವೇಳಾಪಟ್ಟಿ ಇಲ್ಲ, ಅದು ಸದಾ ಬೀಳುತ್ತಲೇ ಇರುತ್ತದೆ. ಸೌರ ಬಿರುಗಾಳಿಯ ವಿದ್ಯುತ್ತು ಹುಟ್ಟುವುದು ನೂರಾರು ಕಿಲೋಮೀಟರ್ ಉದ್ದದ ತಂತಿಗಳಲ್ಲಿ. ನಿಮ್ಮ ಫ್ರಿಜ್ಜಿನ ವೈರು ಎರಡು ಮೀಟರ್. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿದ್ದದ್ದಕ್ಕೆ ಕಾರಣ ಮೂರು: ಊರು ಉತ್ತರ ಧ್ರುವದ ಕಡೆ, ಲೈನುಗಳು ಬಹಳ ಉದ್ದ, ಕೆಳಗಿನ ಬಂಡೆ ವಿದ್ಯುತ್ ಹರಿಯಗೊಡದ ಜಾತಿ. ಮಿಂಚು ಗುಡುಗಿಗೆ ಪ್ಲಗ್ ಕೀಳಿ, ಅದು ಒಳ್ಳೆಯ ಅಭ್ಯಾಸ.

ಮಧ್ಯಾಹ್ನ 20 ಮೀಟರ್ ರೇಡಿಯೋ ಬ್ಯಾಂಡಿನಲ್ಲಿ ಗಲ್ಫಿನವರೊಡನೆ ಮಾತಾಡುತ್ತಿದ್ದಾಗ ಬ್ಯಾಂಡು ಏಕಾಏಕಿ ಸತ್ತುಹೋಯಿತು. ಅರ್ಧ ಗಂಟೆಯ ಮೇಲೆ ತಾನೇ ಬಂತು. ಸೆಟ್ಟಿನ ದೋಷವೋ, ಸೂರ್ಯನದೋ?
– ಹ್ಯಾಮ್ ಪರವಾನಗಿದಾರರು, ಮಂಗಳೂರು

ಪತ್ತೆ ಸುಲಭ. ಆ್ಯಂಟೆನಾ ಹಾಗೇ ಇರಲಿ, 20ರಿಂದ 15ಕ್ಕೆ, 10ಕ್ಕೆ ಹೋಗಿ ನೋಡಿ. ಮೇಲಿನ, ಅಂದರೆ ಹೆಚ್ಚು ಆವರ್ತನದ ಬ್ಯಾಂಡಿನಲ್ಲಿ ಜೀವ ಇದ್ದು ಕೆಳಗೆ ಇಲ್ಲದಿದ್ದರೆ ಅದು ಸೌರಜ್ವಾಲೆಯ ಕೆಲಸ. ಎಕ್ಸ್-ಕಿರಣ ಅಯಾನುಗೋಳದ (ಮೇಲಿನ ವಾತಾವರಣದ ವಿದ್ಯುದಾವೇಶದ ಭಾಗ) ಕೆಳಗಿನ ಡಿ ಪದರವನ್ನು ದಪ್ಪ ಮಾಡುತ್ತದೆ, ಅದು ತರಂಗವನ್ನು ನುಂಗುತ್ತದೆ. ಈ ನುಂಗುವಿಕೆ ಆವರ್ತನದ ವರ್ಗಕ್ಕೆ ವಿಲೋಮ: 28 ಮೆಗಾಹರ್ಟ್ಸ್‌ನಲ್ಲಿ (10 ಮೀಟರು) 14ರ (20 ಮೀಟರು) ಕಾಲು ಭಾಗ ಅಷ್ಟೇ. ಹಾಗಾಗಿ 40 ಮೀಟರು ಮೊದಲು ಸಾಯುತ್ತದೆ, ಕೊನೆಗೆ ಎದ್ದೇಳುತ್ತದೆ. ಇನ್ನೊಂದು ಗುರುತು: ಸ್ಟೇಷನ್ನುಗಳ ಜೊತೆ ಹಿನ್ನೆಲೆಯ ಸರಸರವೂ ಇಳಿಯುತ್ತದೆ, ಏಕೆಂದರೆ ಆ ಸದ್ದಿನಲ್ಲಿ ದೂರದ ಗುಡುಗಿನ ಪಾಲೂ ಇರುತ್ತದೆ. ಎಸ್-ಮೀಟರು ಪೂರ್ತಿ ಸೊನ್ನೆಗೆ ಬಿದ್ದು ಎಲ್ಲ ಬ್ಯಾಂಡಿನಲ್ಲೂ ಹಾಗೇ ಇದ್ದರೆ ಕೋಯಾಕ್ಸ್, ಕನೆಕ್ಟರ್ ನೋಡಿ.

ಆಮೇಲೆ ಎಕ್ಸ್-ಕಿರಣ ಗೆರೆಯಲ್ಲಿ ಹೊತ್ತು ತಾಳೆ ಮಾಡಿ. ರೇಡಿಯೋ ಸ್ತಬ್ಧತೆಯ ಮಾಪಕದಲ್ಲಿ ಎಂ1 ಎಂದರೆ ಆರ್1, ಎಂ5 ಎಂದರೆ ಆರ್2, ಎಕ್ಸ್1 ಎಂದರೆ ಆರ್3. ಇದು ಬಿಸಿಲಿರುವ ಕಡೆ ಮಾತ್ರ. ನಮ್ಮ ಬೆಳಿಗ್ಗೆ ಆರರಿಂದ ಸಂಜೆ ಆರು ಎಂದರೆ ವಿಶ್ವ ಸಮಯ 0030ರಿಂದ 1230. 1730ಕ್ಕೆ ಎಕ್ಸ್9 ಸಿಡಿದರೂ ಆಗ ಇಲ್ಲಿ ರಾತ್ರಿ ಹನ್ನೊಂದು, ನಿಮ್ಮ ರೇಡಿಯೋಗೆ ಗೊತ್ತೂ ಆಗದು.

ಕೆಪಿ ಏರಿದಾಗ ಕೆಡುವುದು ಧ್ರುವದ ಬಳಿ ಹಾಯುವ ದಾರಿಗಳು: ಅಮೆರಿಕ, ಉತ್ತರ ಯುರೋಪು. ಗಲ್ಫು, ಸಿಂಗಪುರದ ಕಡೆ ಅಷ್ಟು ಪೆಟ್ಟಿಲ್ಲ.

ಹೆದ್ದಾರಿ ಕೆಲಸದ ರಾತ್ರಿ ಪಾಳಿಯಲ್ಲಿ ನಮ್ಮ ಆರ್‌ಟಿಕೆ ರೋವರು (ಉಪಗ್ರಹ ಸಂಕೇತದಿಂದ ಜಾಗವನ್ನು ನಿಖರವಾಗಿ ಅಳೆಯುವ ಯಂತ್ರ) ಮಾರ್ಚ್ ತಿಂಗಳಲ್ಲಿ ಸಂಜೆ ಏಳೂವರೆ ಮೇಲೆ ಖಚಿತ ಅಳತೆಯ ‘ಫಿಕ್ಸ್’ ಬಿಟ್ಟು ಅಂದಾಜಿನ ‘ಫ್ಲೋಟ್’ಗೆ ಹೋಗುತ್ತದೆ. ಹನ್ನೊಂದು, ಹನ್ನೆರಡರ ಮೇಲೆ ಸರಿಯಾಗುತ್ತದೆ. ಆ್ಯಪ್ ನೋಡಿದರೆ ಕೆಪಿ 1. ಕಂಪನಿಯವರು ಬ್ಯಾಟರಿ ಎನ್ನುತ್ತಾರೆ.
– ಸರ್ವೇಯರ್, ವಿಜಯಪುರ

ಬ್ಯಾಟರಿ ಅಲ್ಲ. ಗಡಿಯಾರ ನೋಡಿ ಬರುವ ಈ ಕಾಯಿಲೆ ನಮ್ಮ ಆಕಾಶದ್ದೇ. ಕೆಪಿಯಲ್ಲಿ ಅದು ಕಾಣದು. ಕೆಪಿ ಕಟ್ಟುವ ವೀಕ್ಷಣಾಲಯಗಳು ನಮ್ಮಿಂದ ಬಹಳ ಮೇಲಿನ ಅಕ್ಷಾಂಶಗಳಲ್ಲಿವೆ. ನಾವಿರುವುದು ಕಾಂತ ಸಮಭಾಜಕದ ಮಗ್ಗುಲಲ್ಲಿ. ಕೇರಳದ ತುಂಬಾ ಎಂಬಲ್ಲಿ 1963ರಲ್ಲಿ ರಾಕೆಟ್ ಕೇಂದ್ರ ಶುರು ಮಾಡಿದ್ದೇ ಈ ಕಾಂತ ಸಮಭಾಜಕ ಅಲ್ಲಿ ಹಾಯುತ್ತದೆಂದು.

ಸೂರ್ಯ ಮುಳುಗುವ ಹೊತ್ತಿಗೆ ಇಲ್ಲಿ ಅಯಾನುಗೋಳದ ಮೇಲಿನ ಪದರ ಒಮ್ಮೆ ಮೇಲಕ್ಕೆ ಜಿಗಿಯುತ್ತದೆ. ಕೆಳಗಿನ ಪದರಗಳು ಬಿಸಿಲಿಲ್ಲದೆ ಕರಗುತ್ತವೆ. ಭಾರದ ಪ್ಲಾಸ್ಮಾ ಮೇಲೆ, ಹಗುರ ಕೆಳಗೆ. ಎಣ್ಣೆಯ ಮೇಲೆ ನೀರು ಹೊಯ್ದಂತೆ ಇದು ನಿಲ್ಲುವುದಿಲ್ಲ: ಕೆಳಗಿನಿಂದ ಟೊಳ್ಳು ಗುಳ್ಳೆಗಳು ಏಳುತ್ತವೆ. ಉತ್ತರ ದಕ್ಷಿಣವಾಗಿ ಉದ್ದಕ್ಕೆ ಚಾಚಿ, ಪೂರ್ವಕ್ಕೆ ಸೆಕೆಂಡಿಗೆ ನೂರು ಮೀಟರಿನಂತೆ ತೇಲುತ್ತವೆ. ಉಪಗ್ರಹದ ಸಂಕೇತ ಇದರೊಳಗೆ ಹಾದರೆ ನಕ್ಷತ್ರದಂತೆ ಮಿನುಗುತ್ತದೆ, ರಿಸೀವರಿನ ಹಿಡಿತ ತಪ್ಪುತ್ತದೆ. ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ, ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್ ಇದರ ಸುಗ್ಗಿ. ಕಾಂತ ಬಿರುಗಾಳಿ ಕೆಲವೊಮ್ಮೆ ಈ ಗುಳ್ಳೆಗಳನ್ನು ಏಳದಂತೆ ಅದುಮಿಬಿಡುವುದೂ ಉಂಟು! ನೀವು ನೋಡಬೇಕಾದದ್ದು ಎಸ್‌ಎಫ್‌ಐ: 150ರ ಮೇಲೆ ಹಲವು ದಿನ ನಿಂತಿದ್ದು ತಿಂಗಳು ಮಾರ್ಚ್ ಆಗಿದ್ದರೆ, ಸಂಜೆ ತೊಂದರೆ ಬರುತ್ತದೆ ಎಂದೇ ಹೊರಡಿ.

ಎರಡು ಆವರ್ತನದ ರಿಸೀವರಿದ್ದೂ ಏಕೆ ಹೀಗೆ ಎಂದು ಕೇಳಬಹುದು. ಎರಡು ಆವರ್ತನ ಸರಿಪಡಿಸುವುದು ವಿಳಂಬವನ್ನು. ಜಿಪಿಎಸ್‌ನ ಎಲ್1 ಆವರ್ತನದಲ್ಲಿ (ಮೇಲೆ ಹೇಳಿದ ಎಲ್1 ಬಿಂದುವಿಗೂ ಇದಕ್ಕೂ ಸಂಬಂಧವಿಲ್ಲ) ಒಂದು ಟಿಇಸಿ ಮಾನಕ್ಕೆ, ಅಂದರೆ ದಾರಿಯಲ್ಲಿರುವ ಎಲೆಕ್ಟ್ರಾನುಗಳ ಲೆಕ್ಕದ ಒಂದು ಮಾನಕ್ಕೆ, 16 ಸೆಂ.ಮೀ. ತಪ್ಪು, ಎಲೆಕ್ಟ್ರಾನು ಜಾಸ್ತಿಯಿರುವ ದಿನಗಳಲ್ಲಿ ನೂರು ಮಾನ ಮುಟ್ಟಿದರೆ 16 ಮೀಟರು. ಅದನ್ನು ಕಳೆಯಬಹುದು. ಸಂಕೇತವೇ ಕಡಿದುಹೋದರೆ ಕಳೆಯಲು ಏನೂ ಉಳಿಯದು. ಎಲ್5 ಆವರ್ತನ ಎಲ್1ಕ್ಕಿಂತ ಕೆಳಗಿರುವುದರಿಂದ ಅದಕ್ಕೆ ಪೆಟ್ಟು ಹೆಚ್ಚು.

ಮಾಡಬಹುದಾದದ್ದು: ಸಿಗ್ನಲ್ ಪಟ್ಟಿಯಲ್ಲಿ ಒಂದೊಂದು ಉಪಗ್ರಹದ ಬಲವನ್ನು ನೋಡಿ. ಎಲ್ಲವೂ ಒಟ್ಟಿಗೆ ಇಳಿದರೆ ಕೇಬಲ್ಲೋ, ಪಕ್ಕದ ಟವರೋ. ಒಂದೆರಡು ಮಾತ್ರ ಹತ್ತಿಪ್ಪತ್ತು ಡೆಸಿಬಲ್ ಏರಿಳಿಯುತ್ತಿದ್ದರೆ ಗುಳ್ಳೆ. ಜಿಪಿಎಸ್, ಗ್ಲೋನಾಸ್, ಗೆಲಿಲಿಯೋ, ಬೈಡೂ ಎಲ್ಲ ತೆರೆದಿಡಿ. ಗುಳ್ಳೆ ಇಡೀ ಆಕಾಶವನ್ನು ಮುಚ್ಚುವುದಿಲ್ಲ. ಎಲಿವೇಷನ್ ಮಾಸ್ಕ್ (ದಿಗಂತದ ಬಳಿಯ ಉಪಗ್ರಹಗಳನ್ನು ಕೈಬಿಡುವ ಕೋನ) 10ರಿಂದ 15 ಡಿಗ್ರಿಗೆ ಏರಿಸಿ. ಬೇಸಿನಿಂದ ದೂರ 10 ಕಿ.ಮೀ. ಒಳಗಿರಲಿ. ಫಿಕ್ಸ್ ಸಿಕ್ಕಿದರೂ ಆ ಹೊತ್ತಿನಲ್ಲಿ ನಂಬಬೇಡಿ: ರೀಸೆಟ್ ಮಾಡಿ ಎರಡನೇ ಸಲ ಅದೇ ಬಿಂದು ಅಳೆಯಿರಿ, ತಾಳೆಯಾದರೆ ಮಾತ್ರ ಬರೆದುಕೊಳ್ಳಿ. ಎತ್ತರದ ಬಿಂದುಗಳನ್ನು ಹಗಲಲ್ಲೇ ಮುಗಿಸಿ, ಸಂಜೆಗೆ ಟೋಟಲ್ ಸ್ಟೇಷನ್ ಇಟ್ಟುಕೊಳ್ಳಿ.

ವರ್ಷಕ್ಕೆ ಎರಡು ಸಲ ಚಾನೆಲ್ಲುಗಳು ಚುಕ್ಕಿ ಚುಕ್ಕಿಯಾಗಿ ಹೋಗುತ್ತವೆ. ‘ಸನ್ ಔಟೇಜ್’ ಎನ್ನುತ್ತಾರೆ. ಇದೂ ಸೌರ ಬಿರುಗಾಳಿಯೇ?
– ಕೇಬಲ್ ಆಪರೇಟರ್, ದಾವಣಗೆರೆ

ಅಲ್ಲ, ಇದು ಬರಿಯ ಜ್ಯಾಮಿತಿ. ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬರುತ್ತಾನೆ, ಅವನ ರೇಡಿಯೋ ಸದ್ದಿನಲ್ಲಿ ಉಪಗ್ರಹದ ಸಣ್ಣ ದನಿ ಮುಳುಗುತ್ತದೆ. ನಮ್ಮ ಅಕ್ಷಾಂಶಕ್ಕೆ ಇದು ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ. 12 ಅಡಿಯ ಸಿ-ಬ್ಯಾಂಡ್ ಡಿಶ್ಶಿನ ನೋಟ, ಸೂರ್ಯನ ಅಗಲ ಎರಡೂ ಸೇರಿ ಸುಮಾರು ಎರಡು ಡಿಗ್ರಿ. ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಓಡುತ್ತಾನೆ, ಹಾಗಾಗಿ ಹೆಚ್ಚೆಂದರೆ ಏಳೆಂಟು ನಿಮಿಷ, ನಾಲ್ಕೈದು ದಿನ. ನಿಮ್ಮ ರೇಖಾಂಶಕ್ಕಿಂತ ಪೂರ್ವದ ಉಪಗ್ರಹಕ್ಕೆ ಸೂರ್ಯ ನೆತ್ತಿಗೆ ಬರುವ ಮೊದಲು, ಪಶ್ಚಿಮದ್ದಕ್ಕೆ ಆಮೇಲೆ. ಆ ಹೊತ್ತಿನಲ್ಲಿ ಎಲ್‌ಎನ್‌ಬಿ (ಡಿಶ್ಶಿನ ಮುಂದಿರುವ ಸಂಕೇತಗ್ರಾಹಕ) ನೆರಳು ಡಿಶ್ಶಿನ ನಡುವಿಗೆ ಬಿದ್ದರೆ ಡಿಶ್ ಸರಿಯಾಗಿ ಕೂತಿದೆ ಎಂದರ್ಥ, ಬಿಟ್ಟಿ ಪರೀಕ್ಷೆ. ಡಿಶ್ಶಿಗೆ ಹೊಳಪಿನ ಬಣ್ಣ ಬಳಿಯಬೇಡಿ; ಆ ದಿನಗಳಲ್ಲಿ ಬಿಸಿಲು ಕೂಡಿ ಎಲ್‌ಎನ್‌ಬಿ ಸುಡುತ್ತದೆ. ಮ್ಯಾಟ್ ಬಣ್ಣವೇ ಇರಲಿ.

ಸೂರ್ಯನ ಚಟುವಟಿಕೆ ಹೆಚ್ಚಿದ ವರ್ಷ ಸೋಲಾರ್ ಪಂಪು ಹೆಚ್ಚು ನೀರೆತ್ತುತ್ತದೆಯೇ?
– ರೈತರು, ಚಿತ್ರದುರ್ಗ

ಇಲ್ಲ. ಭೂಮಿಗೆ ಬರುವ ಬಿಸಿಲು ಚದರ ಮೀಟರಿಗೆ ಸುಮಾರು 1361 ವ್ಯಾಟ್. ತಣ್ಣಗಿನ ವರ್ಷಕ್ಕೂ ಚುರುಕಿನ ವರ್ಷಕ್ಕೂ ವ್ಯತ್ಯಾಸ ಶೇ 0.1. ಭೂಮಿ ಸೂರ್ಯನಿಗೆ ಹತ್ತಿರವಿರುವ ಜನವರಿಗೂ ದೂರವಿರುವ ಜುಲೈಗೂ ಶೇ 6–7 ವ್ಯತ್ಯಾಸವಿದೆ. ಅದಕ್ಕಿಂತ ಹೆಚ್ಚಿನದನ್ನು ಧೂಳು ತಿನ್ನಬಲ್ಲದು. ಪ್ಯಾನೆಲನ್ನು ಬಿಸಿಲೇರುವ ಮೊದಲು ತೊಳೆಯಿರಿ.

ನಮ್ಮ ಶಾಲೆಯಲ್ಲಿ 60 ಮಿ.ಮೀ. ದೂರದರ್ಶಕವಿದೆ, ನಾಭಿದೂರ 700 ಮಿ.ಮೀ. ಮಕ್ಕಳಿಂದ ಸೌರಕಲೆ ಎಣಿಸಿ ನಮ್ಮದೇ ಸಂಖ್ಯೆ ಕಟ್ಟಬಹುದೇ?
– ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಕೊಪ್ಪ

ಧಾರಾಳವಾಗಿ. ಆದರೆ ಯಾರೂ ಕಣ್ಣಿಟ್ಟು ನೋಡಬಾರದು; ಬಿಂಬವನ್ನು ಕಾಗದದ ಮೇಲೆ ಬೀಳಿಸಬೇಕು. ಪಕ್ಕದ ಸಣ್ಣ ಫೈಂಡರಿಗೆ ಮೊದಲು ಮುಚ್ಚಳ ಹಾಕಿ, ಟೇಪ್ ಸುತ್ತಿ. ಅವಘಡ ಆಗುವುದು ಹೆಚ್ಚಾಗಿ ಅಲ್ಲಿಂದಲೇ. ಐಪೀಸಿಗೆ ತಿರುಪುವ ‘ಸನ್ ಫಿಲ್ಟರ್’ ಪೆಟ್ಟಿಗೆಯಲ್ಲಿದ್ದರೆ ಎಸೆಯಿರಿ, ಕಾವಿಗೆ ಅದು ಬಿರಿಯುತ್ತದೆ. ಗ್ರಹಣದ ಕನ್ನಡಕ ಬರಿಗಣ್ಣಿಗೆ ಮಾತ್ರ, ದೂರದರ್ಶಕದ ಜೊತೆ ಬೇಡವೇ ಬೇಡ. ಪ್ಲಾಸ್ಟಿಕ್ ಕವಚದ ಅಥವಾ ಮಸೂರಗಳನ್ನು ಅಂಟಿಸಿದ ಐಪೀಸ್ ಬೇಡ; ಹಳೆಯ ಹೈಗನ್ಸ್ ಮಾದರಿ ಇದಕ್ಕೆ ಉತ್ತಮ.

ಬಿಂಬ 15 ಸೆಂ.ಮೀ. ವೃತ್ತಕ್ಕೆ ಕೂರಬೇಕು. 700 ಮಿ.ಮೀ. ನಾಭಿಯಲ್ಲಿ ಸೂರ್ಯ 6.4 ಮಿ.ಮೀ.; ಅದನ್ನು 23.4 ಪಟ್ಟು ಹಿಗ್ಗಿಸಬೇಕು. 20 ಮಿ.ಮೀ. ಐಪೀಸಿಗೆ ತೆರೆಯ ದೂರ 20ನ್ನು 24.4ರಿಂದ ಗುಣಿಸಿದಷ್ಟು, ಅಂದರೆ 49 ಸೆಂ.ಮೀ. ಕೊಳವೆಯ ಮುಂಭಾಗಕ್ಕೆ ರಟ್ಟಿನ ಕೊರಳಪಟ್ಟಿ ಹಾಕಿದರೆ ಕಾಗದದ ಮೇಲೆ ನೆರಳಾಗುತ್ತದೆ. ಕೊಳವೆಯ ನೆರಳು ಅತಿ ಚಿಕ್ಕದಾಗುವಂತೆ ತಿರುಗಿಸಿದರೆ ಸೂರ್ಯ ತಾನೇ ಸಿಗುತ್ತಾನೆ. ಬೆಳಿಗ್ಗೆ ಏಳೂವರೆಯಿಂದ ಒಂಬತ್ತು ಒಳ್ಳೆಯ ಹೊತ್ತು. ನೆಲ ಕಾದ ಮೇಲೆ ಬಿಂಬ ಕುದಿಯುತ್ತದೆ.

ದೂರದರ್ಶಕವನ್ನು ಅಲುಗಿಸದೆ ಬಿಟ್ಟರೆ ಬಿಂಬ ಎರಡು ನಿಮಿಷದಲ್ಲಿ ತನ್ನ ಅಗಲದಷ್ಟು ಸರಿಯುತ್ತದೆ. ಸರಿಯುವ ದಿಕ್ಕೇ ಪಶ್ಚಿಮ, ಗುರುತು ಹಾಕಿ. ಮೊದಲು ಎಲ್ಲ ಕಲೆಗಳ ಜಾಗ, ಆಮೇಲೆ ಆಕಾರ. ಸಣ್ಣ ಚುಕ್ಕಿ ಕಲೆಯೋ ಕಾಗದದ ಕೊಳೆಯೋ ಎಂದು ಅನುಮಾನ ಬಂದರೆ ಕಾಗದವನ್ನು ಮೆಲ್ಲಗೆ ಅಲ್ಲಾಡಿಸಿ. ಕೊಳೆ ಕಾಗದದೊಡನೆ ಅಲ್ಲಾಡುತ್ತದೆ, ಕಲೆ ನಿಂತಲ್ಲೇ ನಿಲ್ಲುತ್ತದೆ.

ಲೆಕ್ಕ ರುಡಾಲ್ಫ್ ವುಲ್ಫ್ 1848ರಲ್ಲಿ ಹಾಕಿಕೊಟ್ಟದ್ದು: ಗುಂಪುಗಳ ಸಂಖ್ಯೆಯನ್ನು ಹತ್ತರಿಂದ ಗುಣಿಸಿ, ಒಟ್ಟು ಕಲೆಗಳನ್ನು ಕೂಡಿಸಿ. ನಾಲ್ಕು ಗುಂಪು, 23 ಕಲೆ ಎಂದರೆ 63. ಒಂದೇ ಕಲೆ ಇದ್ದರೂ 11. ಆದ್ದರಿಂದ 1ರಿಂದ 10ರವರೆಗಿನ ಸಂಖ್ಯೆ ನಿಮ್ಮ ಪುಸ್ತಕದಲ್ಲಿ ಬರುವಂತಿಲ್ಲ, ಬಂದರೆ ಯಾರೋ ತಪ್ಪು ಕೂಡಿಸಿದ್ದಾರೆ. ತಿಂಗಳ ಕೊನೆಗೆ ನೀವು ನೋಡಿದ ದಿನಗಳಿಗಷ್ಟೇ ಬ್ರಸೆಲ್ಸ್ ಸರಾಸರಿ ತೆಗೆದು ನಿಮ್ಮ ಸರಾಸರಿಯಿಂದ ಭಾಗಿಸಿ. ಅದು ನಿಮ್ಮ ಶಾಲೆಯ ಗುಣಾಂಕ. ಮೋಡದ ದಿನವನ್ನು ಖಾಲಿ ಬಿಡಿ, ಸೊನ್ನೆ ಬರೆಯಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಈ ತಪ್ಪೇ ಎಲ್ಲಕ್ಕಿಂತ ಸುಲಭ.

ಮುನ್ಸೂಚನೆಯೂ ಮಾಡಬಹುದು. ಗುಂಪು ದಿನಕ್ಕೆ ಸುಮಾರು 13 ಡಿಗ್ರಿ ಸರಿಯುತ್ತದೆ. ಪೂರ್ವದ ಅಂಚಿನಲ್ಲಿ ಕಂಡದ್ದು ಏಳು ದಿನಕ್ಕೆ ನಡುವಿಗೆ, ಹದಿಮೂರು ಹದಿನಾಲ್ಕಕ್ಕೆ ಪಶ್ಚಿಮದಂಚಿಗೆ. ಬದುಕಿದ್ದರೆ 27 ದಿನಕ್ಕೆ ಮತ್ತೆ ಅಲ್ಲೇ. ನಡುವಿನ ಗುಂಪಿನಿಂದ ಹೊರಟ ಮೋಡ ನಮ್ಮತ್ತ ಬರುವ ಸಾಧ್ಯತೆ ಹೆಚ್ಚು; ವೇಗದ ಪ್ರೋಟಾನುಗಳು ನಮ್ಮನ್ನು ಸುಲಭವಾಗಿ ತಲಪುವುದು ಪಶ್ಚಿಮಾರ್ಧದ ಸಿಡಿತದಿಂದ, ಏಕೆಂದರೆ ಸೂರ್ಯನ ಕಾಂತರೇಖೆಗಳು ಸುರುಳಿಯಾಗಿ ಬಾಗಿ ಬರುತ್ತವೆ. ತಜ್ಞರ ದೀರ್ಘ ಮುನ್ಸೂಚನೆಯೂ ಜಾರುತ್ತದೆಂದು ಮಕ್ಕಳಿಗೆ ಹೇಳಿ: ಸೂರ್ಯನ ಚಟುವಟಿಕೆ ಏರಿ ಇಳಿಯುವ ಒಂದು ಸುತ್ತಿಗೆ ಚಕ್ರ ಎನ್ನುತ್ತಾರೆ; 2019ರ ಡಿಸೆಂಬರಿನಲ್ಲಿ ಆರಂಭವಾದ 25ನೇ ಚಕ್ರದ ಶಿಖರದಲ್ಲಿ, 2025ರ ಜುಲೈನಲ್ಲಿ, ಸೌರಕಲೆ ಸಂಖ್ಯೆ 115 ಎಂದು ಅಂತರರಾಷ್ಟ್ರೀಯ ಸಮಿತಿ ಅಂದಾಜಿಸಿತ್ತು, 2024ರ ಅಕ್ಟೋಬರಿನಲ್ಲೇ ಸುಮಾರು 160 ಮುಟ್ಟಿತು.

ನಾವಿರುವುದು ಮಿನಿಯಾಪೊಲಿಸ್‌ನಲ್ಲಿ. ಧ್ರುವಪ್ರಭೆ ನೋಡಲು ಯಾವ ಅಂಕಿಗೆ ಕಾಯಬೇಕು? ಊರಿನಲ್ಲಿರುವ ಅಪ್ಪ ಅಮ್ಮನಿಗೂ ಯಾವಾಗಲಾದರೂ ಕಂಡೀತೇ?
– ಸಾಫ್ಟ್‌ವೇರ್ ಉದ್ಯೋಗಿ, ಅಮೆರಿಕ

ನಿಮ್ಮ ಊರಿನ ಕಾಂತ ಅಕ್ಷಾಂಶ ಸುಮಾರು 55. ಕೆಪಿ 5 ಆದಾಗ ಪ್ರಭೆಯ ದಕ್ಷಿಣದಂಚು 56ಕ್ಕೆ ಇಳಿಯುತ್ತದೆ, ಅಂದರೆ ಉತ್ತರದ ದಿಗಂತದಲ್ಲಿ ಕಾಣಬೇಕು; 6 ಆದರೆ ನೆತ್ತಿಗೆ ಬರುತ್ತದೆ. ಆದರೆ ಕೆಪಿ ಬರುವಷ್ಟರಲ್ಲಿ ಆಟ ಮುಗಿದಿರಬಹುದು. ಬಿ-ಝಡ್ ಮೈನಸ್ 10 ದಾಟಿ ಅರ್ಧ ಗಂಟೆ ಅಲ್ಲೇ ನಿಂತು, ಸೌರಮಾರುತದ ವೇಗ ಸೆಕೆಂಡಿಗೆ 500 ಕಿ.ಮೀ. ಮೇಲಿದ್ದರೆ ಕಾರು ತೆಗೆಯಿರಿ. ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನ ವಾರಗಳಲ್ಲಿ ಅದೃಷ್ಟ ಹೆಚ್ಚು.

ಕರ್ನಾಟಕದ ಕಾಂತ ಅಕ್ಷಾಂಶ ಹತ್ತು ಡಿಗ್ರಿಯೊಳಗೇ. 2024ರ ಮೇ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯ ಕ್ಯಾಮೆರಾಗಳು ದಿಗಂತದಲ್ಲಿ ಕೆಂಪು ಹೊಳಪು ಹಿಡಿದವು. ಆಮ್ಲಜನಕದ ಆ ಕೆಂಪು 200 ಕಿ.ಮೀ.ಗೂ ಮೇಲೆ ಹುಟ್ಟುತ್ತದೆ, 400 ಕಿ.ಮೀ. ಎತ್ತರದ್ದು ಎರಡು ಸಾವಿರ ಕಿ.ಮೀ. ಆಚೆಗೂ ದಿಗಂತದಲ್ಲಿ ಕಾಣಬಲ್ಲದು. 1872ರ ಫೆಬ್ರುವರಿ 4ರ ರಾತ್ರಿ ಮುಂಬಯಿಯಲ್ಲೇ ಕಂಡ ವರದಿ ಇದೆ. ಅಂಥ ರಾತ್ರಿ ಮತ್ತೆ ಬಂದರೆ ಬೀದಿದೀಪವಿಲ್ಲದ ಗುಡ್ಡದ ಮೇಲಿನಿಂದ ಉತ್ತರಕ್ಕೆ ನೋಡಬೇಕು.

ನಿಮಗೆ ಇನ್ನೊಂದು ಮಾತು: ಕಣ್ಣಿಗೆ ಅದು ಮೊದಲು ಬೂದು ಮೋಡದಂತೆಯೇ ಕಾಣುತ್ತದೆ. ಫೋನನ್ನು ಕಾರಿನ ಮೇಲೆ ಒರಗಿಸಿ, ಐಎಸ್‌ಒ 1600, ಮೂರರಿಂದ ಹತ್ತು ಸೆಕೆಂಡು ತೆರೆದಿಡಿ. ಚಿತ್ರದಲ್ಲಿ ಹಸಿರು ಬಂದರೆ ಅದೇ. ಬರದಿದ್ದರೆ ಮೋಡ.